ಹಿಟ್ಟಿನ ಕೋಣೆಯ ಬೆಕ್ಕು

ಗಾಣಗಾಪುರದ ಗುರುಬಾಯಿಗೆ ಹೇಸಿಗೆ ಎನ್ನುವುದು ಹುಟ್ಟಿನಿಂದಲೇ ಬಂದದ್ದು. ಮಾದನಹಿಪ್ಪರಗಾದ ತವರಿನಲ್ಲಿ ಚಿಕ್ಕವಳಿದ್ದಾಗ ಮಜ್ಜಿಗೆಯಲ್ಲಿ ನೊಣ ಬಿದ್ದದ್ದು ಕಂಡರೆ ಸಾಕು, ಆ ಗಡಿಗೆ ಇಟ್ಟ ಮೂಲೆಯ ಕಡೆಗೂ ಹೊರಳಿ ನೋಡುತ್ತಿರಲಿಲ್ಲ. ಮದುವೆಯಾದ ಮೇಲೆ ಗಂಡ ಉಂಡ ತಾಟಿನಲ್ಲೇ ಉಣ್ಣು ಎಂದು ಅತ್ತೆ ಹೇಳಿದರೆ ತುತ್ತು ಗಂಟಲಲ್ಲಿ ಇಳಿಯಲಿಲ್ಲ. ಅತ್ತೆ ಬೈದಳು. ಗಂಡ ಧರ್ಮಣ್ಣ ನಕ್ಕ.

"ನೀ ಸತ್ತ ಮ್ಯಾಲ ಎದ್ದು ಕುಂತು, ಹೆಣಾ ಹೊರಾವ್ರು ಕೈ ತೊಳಕೊಂಡಾರೇನು ಅಂತ ಕೇಳ್ತಿ ನೋಡು" ಎಂದ.

ಆದರೆ ಅವನೇ ಮೊದಲು ಹೋದ. ಗುರುಬಾಯಿ ಗುಡಿಯ ಹಿಂದಿನ ಓಣಿಯಲ್ಲಿ ಅಮರನಾಥನ ಲಾಡ್ಜಿನಲ್ಲಿ ರೊಟ್ಟಿ ಬಡಿಯುವ ಕೆಲಸಕ್ಕೆ ನಿಂತಳು. ಗಾಣಗಾಪುರದಲ್ಲಿ ಮಧ್ಯಾಹ್ನ ಮಧುಕರಿ ನಡೆಯುತ್ತದೆ. ದತ್ತ ಮಹಾರಾಜರು ಯಾವುದೋ ವೇಷದಲ್ಲಿ ಭಿಕ್ಷೆಗೆ ಬರುತ್ತಾರೆ ಎಂದು ನಂಬಿದ ಜನ ಅನ್ನ, ರೊಟ್ಟಿ ಹಂಚುತ್ತಾರೆ. ಹಂಚಿದವರೇ ಮತ್ತೆ ಜೋಳಿಗೆ ಹಿಡಿದು ಇನ್ನೊಬ್ಬರ ಮುಂದೆ ನಿಲ್ಲುತ್ತಾರೆ. ಕಾರಿನಲ್ಲಿ ಬಂದವರೂ ಬೇಡುತ್ತಾರೆ, ಕಾಲಿಲ್ಲದವನೂ ಬೇಡುತ್ತಾನೆ. ದೂರದಿಂದ ಬಂದವರು ಒಲೆ ಹೂಡುವುದೆಲ್ಲಿ? ಲಾಡ್ಜಿನಲ್ಲಿ ಹೇಳಿಟ್ಟರೆ ಗುರುಬಾಯಿ ಬುಟ್ಟಿ ತುಂಬ ಜೋಳದ ರೊಟ್ಟಿ ಬಡಿದು ಕೊಡುವಳು. ಊರಲ್ಲಿ ನಗೆಪಾಟಲಾಗಿದ್ದ ಅವಳ ಹೇಸಿಗೆ ಇಲ್ಲಿ ಅನ್ನ ಕೊಟ್ಟಿತು. ತಲೆಗೆ ಬಿಗಿಯಾಗಿ ಅರಿವೆ ಕಟ್ಟಿ ಒಲೆಯ ಮುಂದೆ ಕೂತ ಅವಳನ್ನು ನೋಡಿದವರು ಬೇರೆ ಕಡೆ ರೊಟ್ಟಿ ಹೇಳುತ್ತಿರಲಿಲ್ಲ.

ಹಿಟ್ಟು ಇದ್ದಲ್ಲಿ ಇಲಿ, ಇಲಿ ಇದ್ದಲ್ಲಿ ಬೆಕ್ಕು ಬೇಕೇಬೇಕು. ಮೊದಲಿದ್ದ ಬೆಕ್ಕು ಒಳಗೂ ಬರುತ್ತಿತ್ತು, ಹೊರಗೂ ತಿರುಗುತ್ತಿತ್ತು. ಆದರೆ ಆ ಊರಲ್ಲಿ ನಾಯಿಗಳೆಲ್ಲ ದತ್ತನ ನಾಯಿಗಳು. ಬಂದ ಭಕ್ತರೆಲ್ಲ ತಿನ್ನಿಸುವವರೇ, ಒಬ್ಬರೂ ಕಲ್ಲು ಎತ್ತುವುದಿಲ್ಲ. ತಿಂದು ಕೊಬ್ಬಿದ ನಾಯಿಗಳು ಒಂದು ಮುಂಜಾನೆ ಬೆಕ್ಕನ್ನು ಲಾಡ್ಜಿನ ಬಾಗಿಲಲ್ಲೇ ಹರಿದು ಹಾಕಿದವು. ಸಂಗಮದಲ್ಲಿ ಮಿಂದು ಒದ್ದೆ ಬಟ್ಟೆಯಲ್ಲಿ ಬಂದವರು ಕರುಳು ದಾಟಿ ಒಳಗೆ ಬರಬೇಕಾಯಿತು. ಒಂದು ಮನೆತನದವರು ಚೀಲ ಹೊತ್ತು ಬೇರೆ ಲಾಡ್ಜಿಗೆ ಹೋದರು. ಅಂದಿನಿಂದ ಅಮರನಾಥನ ಹಟ ಒಂದೇ. ಹೊಸ ಬೆಕ್ಕು ತಂದ, ಹಿಟ್ಟಿನ ಕೋಣೆಯಲ್ಲಿ ಕೂಡಿಹಾಕಿದ, ಹಗಲೂ ರಾತ್ರಿ ಬಾಗಿಲು ಹಾಕಿಸಿದ. ಹಿತ್ತಲಿಗೆ ಹೇಗೂ ಶಹಾಬಾದಿ ಕಲ್ಲಿನ ಫರಸಿ ಹಾಸಿ ಆಗಿತ್ತು, ಕೆರೆಯಲು ಮಣ್ಣೇ ಇರಲಿಲ್ಲ.

"ಮಾಲಕರ, ಬೆಕ್ಕಿಗಿ ಮಣ್ಣ ಬೇಕ್ರಿ" ಎಂದಳು ಗುರುಬಾಯಿ. "ಒಳಗ ಕೂಡಿ ಹಾಕಿದ್ರ ಹೇಲು ಉಚ್ಚಿ ಎಲ್ಲಿ ಮಾಡ್ಬೇಕು ಅದು?"

"ಉಸುಕಿನ ಬುಟ್ಟಿ ಇಟ್ಟೇನಲ್ಲ?"

"ಇಟ್ಟೀರಿ. ಅದರಾಗಿನ ಹೇಲು ಬಳದು ಒಗಿಯಾವ್ರು ಯಾರು?"

"ನೀನೇ ಬಳಿ. ಕೈ ಸವದು ಹೋಗ್ತಾವೇನು?"

"ಅದನ್ನ ಬಳದ ಕೈಲೆ ರೊಟ್ಟಿ ಬಡೀಲೇನ್ರಿ?"

ಅಮರನಾಥ ಮೊಬೈಲು ಕಿವಿಗಿಟ್ಟು ಎದ್ದುಹೋದ. ಖೋಲಿ ಗುಡಿಸುವವನು ಅದು ತನ್ನ ಕೆಲಸವಲ್ಲ ಎಂದ. ಉಸುಕು ಅಲ್ಲೇ ಗಟ್ಟಿಯಾಯಿತು. ಬಾಗಿಲು ತೆರೆದರೆ ನಾತ ಮುಖಕ್ಕೆ ಹೊಡೆಯುತ್ತಿತ್ತು. ಗುರುಬಾಯಿ ಸೆರಗು ಮೂಗಿಗೆ ಹಿಡಿದು ಒಳಗೆ ಹೋಗಿ, ಉಸಿರು ಬಿಗಿಹಿಡಿದು ಹಿಟ್ಟು ತರುವಳು.

ಪಕ್ಕದ ಚಹಾದಂಗಡಿಯ ಖುರ್ಷಿದಾಳಿಗೆ ಇದೊಂದು ತಮಾಷೆ. "ಬೆಕ್ಕ ಪಾಕ್ ಅದ ಅಕ್ಕಾ, ಅದಕ್ಕ ಮೈಲಿಗಿ ಇಲ್ಲ. ನಮ್ಮನ್ಯಾಗ ಉಣ್ಣಾಕ ಕುಂತ್ರ ಮಗ್ಗಲಾಗೇ ಕುಂದರ್ತದ."

"ಥೂ! ಅದಕ್ಕ ನಿನ್ನ ಚಾ ಕುಡಿಯಂಗಿಲ್ಲ ನಾ."

"ಹಿಂಗ ಉಗುಳಕೋತ ಹೋದ್ರ ಸಂಜೀತನ ಬಾಯಾಗ ನೀರ ಉಳೀತಾವೇನಕ್ಕಾ?"

ಹೀಗಿರುವಾಗ ಜೇವರ್ಗಿ ಕಡೆಯ ಕೊಳಕೂರಿನಿಂದ ಭುವನೇಶ್ವರಿ ಎಂಬ ಸಾಹುಕಾರರ ಮನೆಯ ಹೆಣ್ಣುಮಗಳು ಹರಕೆ ತೀರಿಸಲು ಬಂದಳು. ಮರುದಿನಕ್ಕೆ ದೊಡ್ಡ ಬುಟ್ಟಿ ರೊಟ್ಟಿ ಹೇಳಿದಳು. ಸಂಜೆ ಗಿರಣಿಯಿಂದ ಹಿಟ್ಟು ಬಂತು. ಬೀಸಿದ ಬಿಸಿ ಹಿಟ್ಟನ್ನು ಹಾಗೇ ಕಟ್ಟಿಟ್ಟರೆ ಕಹಿಯಾಗುತ್ತದೆ, ಅದಕ್ಕೆ ಗುರುಬಾಯಿ ಹಿಟ್ಟಿನ ಕೋಣೆಯಲ್ಲಿ ಅರಿವೆ ಹಾಸಿ ಹಿಟ್ಟನ್ನು ಆರಲು ಹರವಿದಳು. "ಇವತ್ತೊಂದಿನ ಬೆಕ್ಕನ್ನ ಹೊರಗಿನ ಪಡಸಾಲ್ಯಾಗ ಬಿಡ್ರಿ" ಎಂದು ಅಮರನಾಥನಿಗೆ ಹೇಳಿಯೇ ಮನೆಗೆ ಹೋದಳು. ಅವನು ಹೂಂ ಎಂದ. ಹೂಂ ಎಂದು, ಇಲಿ ಬಂದಾವು ಎಂದು ಬೆಕ್ಕನ್ನು ಒಳಗೇ ಹಾಕಿ ಚಿಲಕ ಎಳೆದ.

ಮುಂಜಾನೆ ಒಲೆಯಲ್ಲಿ ಹಸಿ ತೊಗರಿ ಕಟ್ಟಿಗೆ ಹೊಗೆಯಾಡುತ್ತಿತ್ತು. ಹೊಗೆಯಲ್ಲಿ ಗುರುಬಾಯಿಯ ಮೂಗು ಕಟ್ಟಿತ್ತು, ಚೀಲಗಳ ಹಿಂದೆ ಮಲಗಿದ್ದ ಬೆಕ್ಕೂ ಕಣ್ಣಿಗೆ ಬೀಳಲಿಲ್ಲ. ಹಿಟ್ಟಿನ ಅಂಚಿನಿಂದ ತೆಗೆದು ನಾದಿದಳು, ಬಡಿದಳು, ಬೇಯಿಸಿದಳು. ಬುಟ್ಟಿ ತುಂಬಿತು, ಮೇಲಿನ ಖೋಲಿಗೆ ಹೋಯಿತು. ಅಮರನಾಥನ ಮನೆಯವರ ಊಟಕ್ಕೆಂದು ನಡುವಿನಿಂದ ಇನ್ನೊಂದಿಷ್ಟು ಹಿಟ್ಟು ಬಾಚಿ ನಾದುವ ಪರಾತಕ್ಕೆ ಹಾಕಿದಾಗ ಹೆಬ್ಬೆರಳಿಗೆ ಒಂದು ಉಂಡೆ ಸಿಕ್ಕಿತು. ಗಂಟು ಎಂದುಕೊಂಡು ಹಿಚುಕಿದಳು. ಒಡೆಯಿತು.

ಆಗ ನಾತ ಬಂತು. ಕೈಯನ್ನು ಮೈಯಿಂದ ದೂರ ಚಾಚಿಕೊಂಡು, ಅದು ತನ್ನ ಕೈಯೇ ಅಲ್ಲ ಎನ್ನುವಂತೆ ಬಚ್ಚಲಿಗೆ ಓಡಿದಳು. ಬೂದಿ ಹಾಕಿ ತಿಕ್ಕಿದಳು, ತಿಕ್ಕುತ್ತಲೇ ವಾಂತಿ ಮಾಡಿಕೊಂಡಳು. ತಿರುಗಿ ಬಂದು ನೋಡಿದರೆ ಹಿಟ್ಟಿನ ನಡುವೆ ತೋಡಿದ ಕುಣಿಗಳು, ಅವುಗಳ ಮೇಲೆ ಒಪ್ಪವಾಗಿ ಎಳೆದ ಹಿಟ್ಟು. ಬೆಕ್ಕಿಗೆ ಅದು ಮೆತ್ತನ್ನ ಮಣ್ಣೇ. ಕೆರೆದದ್ದು ಅಂಚಿನವರೆಗೂ ಚೆಲ್ಲಾಡಿತ್ತು.

ಅಮರನಾಥನನ್ನು ಕರೆದು ತೋರಿಸಿದಳು. ಅವನು ಬಗ್ಗಿ ನೋಡಿ, ಮೂಗು ಮುಚ್ಚಿಕೊಂಡ.

"ಸಾಣಿಗಿ ಹಿಡಿ, ಅಷ್ಟ ತಗದ ಒಗಿ. ಉಳದದ್ದಕ್ಕ ಏನಾಗ್ಯಾದ?"

"ಉಚ್ಚಿ ಸಾಣಿಗ್ಯಾಗ ನಿಂದರ್ತದೇನ್ರಿ? ಮ್ಯಾಲ ಹೋದ ರೊಟ್ಟೀನೂ ಇದರದೇ."

"ಬೆಂಕ್ಯಾಗ ಬೆಂದಾವಲ್ಲ! ನೀ ಉಸುಕ ಬಳದಿದ್ರ ಅದ್ಯಾಕ ಹಿಟ್ಟಿಗಿ ಹೋಗ್ತಿತ್ತು? ಎಲ್ಲಾ ನಿನ್ನ ಮಡಿಯಿಂದ. ಸುಮ್ಮ ಬಾಯಿ ಮುಚಗೊಂಡ ಕುಂದ್ರು. ತಿನ್ನಾವ್ರು ಬೇಡಾವ್ರು, ನಿನ್ನ ಬೀಗ್ರಲ್ಲ."

ಉಸುಕಿನ ಮಾತು ಗುರುಬಾಯಿಗೆ ಚುಚ್ಚಿತು, ಅದು ಸುಳ್ಳಲ್ಲ. ಆದರೆ ಕೊನೆಯ ಮಾತು ಕೇಳಿದ ಮೇಲೆ ಅಲ್ಲಿ ನಿಲ್ಲಲಿಲ್ಲ. ಮೆಟ್ಟಿಲು ಹತ್ತಿ ಭುವನೇಶ್ವರಿಯ ಖೋಲಿಗೆ ಹೋದಳು. ಭುವನೇಶ್ವರಿ ರೇಷ್ಮೆ ಸೀರೆಯುಟ್ಟು, ಕನ್ನಡಿ ಮುಂದೆ ವಿಭೂತಿ ಹಚ್ಚಿಕೊಳ್ಳುತ್ತಿದ್ದಳು. ಬುಟ್ಟಿ ಮಂಚದ ಬಳಿ ಇತ್ತು.

"ಆ ರೊಟ್ಟಿ ಹಂಚಬ್ಯಾಡ್ರಿ ತಾಯಿ. ಹಿಟ್ಟಿನಾಗ ಬೆಕ್ಕ ಹೇತದ."

"ಅಯ್ಯ, ಥೂ! ಕಣ್ಣ ಕಾಣಂಗಿಲ್ಲೇನ ಬೇ ನಿನಗ?" ಭುವನೇಶ್ವರಿ ಕಾಲು ಹಿಂದಕ್ಕೆಳೆದುಕೊಂಡಳು. ಬಗ್ಗಿ ಬುಟ್ಟಿಯ ಮೇಲಿನ ರೊಟ್ಟಿಗಳನ್ನು ನೋಡಿದಳು. "ಈಗ ಮತ್ತ ಬಡಿಯಾಕ ಹೊತ್ತ ಎಲ್ಲದ? ಹರಕಿ ರೊಟ್ಟೀದು. ಹೋಗ್ಲಿ ಬಿಡು, ನೋಡಾಕ ಛಲೋ ಅವ. ಬೇಡಾವ್ರು ಮೂಸಿ ನೋಡ್ತಾರೇನು?"

"ನೀವೂ ಜೋಳಿಗಿ ಹಿಡೀತೀರಲ್ರಿ. ಹಂಚಿದ್ದು ಯಾರ ಕೈ ದಾಟಿ ಯಾರ ಜೋಳಿಗ್ಯಾಗ ಬೀಳ್ತದ, ಯಾರಿಗಿ ಗೊತ್ತು?"

ವಿಭೂತಿಯ ಬೆರಳು ಹಣೆಯ ಮೇಲೆ ನಿಂತಿತು. ಈಗಾದರೂ ಬೇಡ ಎನ್ನುತ್ತಾಳೆ ಎಂದು ಗುರುಬಾಯಿ ಕಾದಳು.

"ಖರೇ ಮಾತು ನೋಡು" ಎಂದಳು ಭುವನೇಶ್ವರಿ. "ಹಂಗಾದ್ರ ನಾವು ಇವತ್ತ ಜೋಳಿಗಿ ಹಿಡಿಯಂಗಿಲ್ಲ. ಉಪಾಸ ಅಂತೇವಿ."

ಗುರುಬಾಯಿಗೆ ಮತ್ತೆ ಹೇಸಿಗೆ ಬಂತು. ಬಚ್ಚಲಲ್ಲಿ ಬಂದದ್ದು ಕಕ್ಕಿದರೆ ಹೋಗುವಂಥದು. ಇದು ಹೋಗಲಿಲ್ಲ. ರೇಷ್ಮೆ, ವಿಭೂತಿ, ಹೂವು, ಆ ಬಾಯಿ ಎಲ್ಲದರಿಂದ ಒಂದೇ ನಾತ ಬಂದಂತಾಯಿತು. ಬುಟ್ಟಿ ಎತ್ತಿ ತಲೆಯ ಮೇಲಿಟ್ಟುಕೊಂಡಳು. ಗುಡಿಯ ತನಕ ಹೊತ್ತು ಕೊಡಲು ಬಂದಳು ಎಂದುಕೊಂಡಳೋ ಏನೋ, ಭುವನೇಶ್ವರಿ ದಾರಿ ಬಿಟ್ಟಳು. ಗುರುಬಾಯಿ ನೇರ ಬಚ್ಚಲಿಗೆ ಹೋಗಿ ಬುಟ್ಟಿ ಇಳಿಸಿ, ತಿಕ್ಕಿದ ಪಾತ್ರೆಗಳ ಮುಸುರೆ ನೀರನ್ನು ಬಕೀಟಿನಿಂದ ಅದರ ಮೇಲೆ ಸುರಿದಳು. ಉಳಿದ ಮುಸುರೆ ಒಯ್ದು ಹಿಟ್ಟಿಗೂ ಸುರಿದಳು.

ಅಮರನಾಥ ಹೊಡೆಯುವವನ ಹಾಗೆ ಬಂದ. "ನಡಿ, ಈಗಿಂದೀಗ ಹೊರಗ ನಡಿ! ಆ ದರಿದ್ರ ಬೆಕ್ಕೂ ಒಯ್ಯಿ!"

"ನನ್ನ ಬೆಕ್ಕಲ್ರಿ ಅದು."

"ಹಂಗಾದ್ರ ನಾಯಿಗೋಳು ನೋಡಕೋತಾವ." ಬೆಕ್ಕಿನ ಕುತ್ತಿಗೆ ಹಿಡಿದು ಬೀದಿ ಬಾಗಿಲ ಕಡೆ ನಡೆದ. ಹೊರಗೆ ನೆರಳಲ್ಲಿ ಮಲಗಿದ್ದ ನಾಯಿಗಳು ಆಗಲೇ ಕಿವಿ ನಿಮಿರಿಸಿದ್ದವು.

ಜೀವಮಾನದಲ್ಲಿ ಬೆಕ್ಕು ಮುಟ್ಟದ ಗುರುಬಾಯಿ ಅವನ ಕೈಯಿಂದ ಅದನ್ನು ಕಸಿದುಕೊಂಡಳು. ಅದರ ಹೊಟ್ಟೆಯ ಕೂದಲಿಗೆ ಹಿಟ್ಟು, ಉಚ್ಚೆ ಮೆತ್ತಿಕೊಂಡಿದ್ದವು. ಮುಖ ಹೊರಳಿಸಿ ಹಿಟ್ಟಿನ ಖಾಲಿ ಚೀಲದಲ್ಲಿ ತುರುಕಿ, ಬಾಯಿ ಕಟ್ಟಿ, ನಾಯಿಗಳ ನಡುವೆಯೇ ನಡೆದಳು. ದಾರಿಯುದ್ದಕ್ಕೂ ಬೆಕ್ಕು ಚೀಲದಲ್ಲಿ ಒದರಿತು, ಗುರುಬಾಯಿ ಹೊರಗೆ ಬೈದಳು.

ಅವಳ ಮನೆ ಊರ ಹೊರಗೆ, ತೊಗರಿ ಹೊಲಕ್ಕೆ ಹೊಂದಿಕೊಂಡು ಇದೆ. ಭಕ್ತರು ಅತ್ತ ಬರುವುದಿಲ್ಲ, ರೊಟ್ಟಿ ಎಸೆಯುವವರಿಲ್ಲದ ಕಡೆ ನಾಯಿಗಳೂ ಬರುವುದಿಲ್ಲ. ಬೆಕ್ಕು ಕಟ್ಟಿಗೆಯ ಒಟ್ಟಿನ ಮೇಲೆ ಮಲಗುತ್ತದೆ. ಹೊಸ್ತಿಲು ದಾಟಲು ನೋಡಿದರೆ ಪೊರಕೆ ಬೀಳುತ್ತದೆ. ಗುರುಬಾಯಿ ಈಗ ಕಳೆ ತೆಗೆಯುವ ಕೂಲಿಗೆ ಹೋಗುತ್ತಾಳೆ. ಒಲೆಯ ಮುಂದೆ ಕೂತ ಕಾಲು ಹೊಲದಲ್ಲಿ ಬಗ್ಗಲು ಒಲ್ಲೆ ಎನ್ನುತ್ತದೆ.

ಒಂದು ದಿನ ಖುರ್ಷಿದಾ ಹೊಲಕ್ಕೇ ಬಂದು ಸುದ್ದಿ ಹೇಳಿದಳು. "ಹೊಸಾಕಿ ಬಂದಾಳಕ್ಕಾ, ಮಾಳಮ್ಮಂತ. ಹೊಸ ಬೆಕ್ಕೂ ಬಂದದ. ಅದೂ ಹಿಟ್ಟಿನ ಖೋಲ್ಯಾಗೇ."

ಗುರುಬಾಯಿ ಬೆನ್ನು ನೆಟ್ಟಗೆ ಮಾಡಿದಳು. "ಅಕಿಗಿ ಹೇಳು. ಅಂಚಿಂದ ತಗೀಬ್ಯಾಡ, ಮೊದ್ಲ ನಡುವ ಕೈ ಆಡ್ಸು ಅನ್ನು. ಉಸುಕಿನ ಬುಟ್ಟೀನೂ ದಿನಾ ಬಳೀಲಿ. ಕಟ್ಟಿಗಿ ತಗೊಂಡು ಬಳೀಲಿ, ಕೈಲೆ ಬ್ಯಾಡ."

"ಹೇಳ್ತೇನಿ."

"ಇವತ್ತೇ ಹೇಳು."

ಪಕ್ಕದ ಸಾಲಿನಲ್ಲಿ ಅವಳ ಹಿಂದೆ ಬಂದಿದ್ದ ಬೆಕ್ಕು ಮಣ್ಣು ಕೆರೆದು ಬಾಲ ಎತ್ತಿ ಕೂತಿತ್ತು. ಗುರುಬಾಯಿ ಸೆರಗಿನಿಂದ ಮೂಗು ಮುಚ್ಚಿಕೊಂಡು, ಕಳೆ ತೆಗೆಯುವ ಕುರ್ಚಗಿ ಎತ್ತಿಕೊಂಡು ಆಚೆಯ ಸಾಲಿಗೆ ಹೋದಳು.