ನಂಬಿಗಸ್ತರ ಪಟ್ಟಿಯ ಐದು ಸೊನ್ನೆ

ಹೋದ ತಿಂಗಳು ಎಪ್ಪತ್ತೆಂಟು ವರ್ಷದ ಹಿರಿಯರೊಬ್ಬರು ಫೋನಿನಲ್ಲಿ ನನ್ನ ಕ್ಷಮೆ ಕೇಳಿದರು. ನಾನೂ ದೊಡ್ಡ ಮನಸ್ಸು ಮಾಡಿ, ‘ಇರಲಿ ಬಿಡಿ’ ಅಂದೆ. ತಪ್ಪು ಯಾರದಿತ್ತು ಗೊತ್ತೆ? ನನ್ನದು.

ಆ ಹಿರಿಯರು ನನ್ನ ಮಾವನವರು. ಮುದ್ದೇಬಿಹಾಳದವರು, ಬಸ್ ಕಂಡಕ್ಟರ್ ಆಗಿ ನಿವೃತ್ತರಾದವರು. ಸರ್ವಿಸ್ ಪೂರ್ತಿ ಸಾವಿರಾರು ಜನರ ಜೊತೆ ಗಟ್ಟಿ ದನಿಯಲ್ಲಿ ಮಾತಾಡಿದವರು ಅಳಿಯನ ಎದುರು ಮಾತ್ರ ದನಿ ಏರಿಸುವುದಿಲ್ಲ. ನಮ್ಮ ಕಡೆ ಅಳಿಯನೆಂದರೆ ಅಷ್ಟು ಮರ್ಯಾದೆ. (ಅಳಿಯ ಅದಕ್ಕೆ ಲಾಯಕ್ಕೋ ಅಲ್ಲವೋ ಅಂತ ಯಾರೂ ನೋಡುವುದಿಲ್ಲ.)

ಬಾಗೇವಾಡಿಯ ನಮ್ಮ ಮನೆಯಲ್ಲಿ ಟಿವಿಯ ಪಕ್ಕ ಒಂದು ಹಳೆಯ ಕಂಪ್ಯೂಟರ್ ದಿನವಿಡೀ ಗುಂಯ್ ಅನ್ನುತ್ತ ಕೂತಿರುತ್ತದೆ. ಅದು ನಮ್ಮ ಮೀಡಿಯಾ ಸರ್ವರ್. ನನ್ನ ಮದುವೆಯ ಕ್ಯಾಸೆಟ್ಟಿನಿಂದ ಹಿಡಿದು ಮೊನ್ನೆ ಬಸುರಿ ಮಗಳಿಗೆ ಮಾಡಿದ ಕುಬಸದವರೆಗೆ ಮನೆಯ ಎಲ್ಲ ವಿಡಿಯೋ ಅದರಲ್ಲಿವೆ. ಇಂಡಿ ಊರಿನಲ್ಲಿರುವ ತಂಗಿ, ಮುದ್ದೇಬಿಹಾಳದ ಮಾವನವರು ತಮ್ಮ ತಮ್ಮ ಟಿವಿಯಲ್ಲೇ ಕೂತು ನೋಡಬಹುದು. ಹೆಂಡತಿ ಗಿರಿಜಾ ಅದಕ್ಕೆ ‘ನಿಮ್ಮ ಎರಡನೇ ಸಂಸಾರ’ ಅನ್ನುತ್ತಾಳೆ.

ಮಾವನವರಿಗೆ ಪಾಸ್‌ವರ್ಡ್ ಒತ್ತಲು ಕಣ್ಣು ಸಾಲದು. ತಂಗಿಗೆ ಅದು ನೆನಪಿರುವುದಿಲ್ಲ. ಅದಕ್ಕೂ ಉಪಾಯವಿದೆ. ಪ್ರತಿ ಮನೆಯ ಇಂಟರ್ನೆಟ್ಟಿಗೂ ಒಂದು ನಂಬರಿನ ವಿಳಾಸ ಇರುತ್ತದಲ್ಲ, ಅದನ್ನು ಸರ್ವರಿನ ಒಂದು ಪಟ್ಟಿಯಲ್ಲಿ ಬರೆದರೆ ಮುಗಿಯಿತು. ‘ಇವರು ನಂಬಿಗಸ್ತರು, ಏನೂ ಕೇಳದೆ ಒಳಗೆ ಬಿಡು’ ಅಂತ ಅರ್ಥ. ಎರಡು ಮನೆ, ಎರಡು ನಂಬರು. ಬರೆದು ಮೀಸೆ ತಿರುವಿದೆ.

ಆದರೆ ಈ ವಿಳಾಸ ಕಾಯಂ ಅಲ್ಲ ನೋಡಿ. ನಮ್ಮಂಥವರ ಮನೆಯಲ್ಲಿ ಕರೆಂಟ್ ಹೋಗಿ ಬಂದರೆ ಸಾಕು, ಹೊಸ ನಂಬರು. ಇಂಡಿಯಲ್ಲಿ ಕರೆಂಟ್ ಹೋಗುವುದಕ್ಕೇನು ಬರವೆ? ತಂಗಿಯ ಫೋನ್ ಬರುತ್ತಲೇ ಇತ್ತು.

“ಅಣ್ಣಾ, ಮತ್ತ ಪಾಸ್‌ವರ್ಡ್ ಕೇಳಾಕತ್ತೈತಿ ನೋಡೋ. ನಾ ನಿನ್ನ ತಂಗಿ ಹೌದೋ ಅಲ್ಲೋ?”

ಮೂರನೇ ಸಲ ಇದೇ ಮಾತು ಕೇಳಿ ತಲೆ ಕೆಟ್ಟಿತು. ನೆಟ್ಟಿನಲ್ಲಿ ಹುಡುಕಿದೆ. ಯಾರೋ ಪುಣ್ಯಾತ್ಮ ಬರೆದಿದ್ದ: ಪಟ್ಟಿಯಲ್ಲಿ ನಾಲ್ಕು ಸೊನ್ನೆ, ಒಂದು ಗೀಟು, ಮತ್ತೊಂದು ಸೊನ್ನೆ ಹಾಕಿ, ಯಾರಿಗೂ ಪಾಸ್‌ವರ್ಡ್ ಕೇಳುವುದಿಲ್ಲ. ಹಾಕಿದೆ. ಕೇಳಲಿಲ್ಲ. ಅದರ ಕೆಳಗೆ ಇನ್ನೂ ನಾಲ್ಕು ಸಾಲು ಬರೆದಿದ್ದ. ಕೆಲಸ ಆದ ಮೇಲೆ ಕೆಳಗಿನದನ್ನು ಯಾರು ಓದುತ್ತಾರೆ?

ಒಂದು ದಿನ ಸುಮ್ಮನೆ, ಯಾರು ಏನು ನೋಡಿದ್ದಾರೆ ಅಂತ ಸರ್ವರಿನಲ್ಲಿ ಕಣ್ಣಾಡಿಸಿದೆ. ಮಗಳ ಕುಬಸದ ವಿಡಿಯೋವನ್ನು ಪರಿಚಯವಿಲ್ಲದ ಒಂದು ನಂಬರು ಎರಡು ಮಧ್ಯಾಹ್ನ ನೋಡಿತ್ತು. ಮನೆಯ ಹೆಂಗಸರು ತಮ್ಮ ಪಾಡಿಗೆ ತಾವು ಹಾಡಿ, ಬಸುರಿಯನ್ನು ಕಾಡಿಸಿ, ಸೆರಗು ಜಾರಿದ್ದೂ ತಿಳಿಯದೆ ನಕ್ಕ ವಿಡಿಯೋ ಅದು. ಗಂಡಸರು ಅಂತ ನಾವೇ ಅವತ್ತು ಹೊರಗಿನ ಪಡಸಾಲೆಯಲ್ಲಿ ಕೂತಿದ್ದೆವು.

ಆ ನಂಬರು ಯಾವ ಕಡೆಯದು ಅಂತ ನೋಡಲು ಎರಡು ನಿಮಿಷ ಸಾಕಿತ್ತು. ನೋಡಲಿಲ್ಲ. ಯಾಕೆ ನೋಡಲಿ? ನನಗೆ ಗೊತ್ತಿತ್ತಲ್ಲ, ಕರೆಂಟ್ ಹೋಗಿ ಮಾವನವರ ನಂಬರೇ ಬದಲಾಗಿದೆ ಅಂತ! ಮಾವನವರ ವೈಫೈ ಓಣಿಗೆಲ್ಲ ಪುಕ್ಕಟೆ. ಅವರ ಮನೆಯ ಕಟ್ಟೆಯ ಮೇಲೆ ಯಾರಾದರೂ ಮೊಬೈಲ್ ಹಿಡಿದು ಕೂತೇ ಇರುತ್ತಾರೆ. ತಕ್ಷಣ ಪಟ್ಟಿಯಿಂದ ಮುದ್ದೇಬಿಹಾಳ ತೆಗೆದೆ. ಫೋನ್ ಹಚ್ಚಿದೆ.

“ಮಾವಾರ, ನಿಮ್ಮ ನೆಟ್ ಹಿಡದು ಯಾರೋ ನಮ್ಮ ಮನಿ ಹೆಣ್ಮಕ್ಕಳ ವಿಡಿಯೋ ನೋಡಾಕತ್ತಾರ್ರಿ. ಕಂಡಕಂಡವರಿಗೆಲ್ಲ ಯಾಕ ಕೊಡ್ತೀರಿ?”

ಮಾವನವರು, “ತಪ್ಪಾತ್ರಿ ಅಳಿಯಂದ್ರ. ನಾ ನೋಡ್ಕೋಬೇಕಿತ್ತು. ಮೊಮ್ಮಗಳ ಮುಂದ ಹ್ಯಾಂಗ ಮುಖ ತೋರಸ್ಲಿ?” ಅಂದರು.

ಆಗಲೇ ನಾನು ‘ಇರಲಿ ಬಿಡಿ’ ಅಂದದ್ದು.

ಅವತ್ತೇ ಮಾವನವರು ವೈಫೈ ಬಂದ್ ಮಾಡಿದರು. ಕಟ್ಟೆಯ ಮೇಲೆ ದಿನಾ ಮಧ್ಯಾಹ್ನ ಕೂಡುತ್ತಿದ್ದವರು ಪಕ್ಕದ ಮನೆಯ ಶಾಂತಕ್ಕ. ಅಂಗನವಾಡಿ ಟೀಚರ್. ಮಕ್ಕಳ ಹಾಜರಿ, ತೂಕ, ಊಟದ ಫೋಟೋ ಎಲ್ಲ ಮೊಬೈಲಿನಲ್ಲೇ ಕಳಿಸಬೇಕು, ಅವರ ಮನೆಯೊಳಗೆ ಸಿಗ್ನಲ್ ಇಲ್ಲ. ಮಾವನವರು ಅವರಿಗೆ, ‘ಇನ್ನ ಇಲ್ಲಿ ಕೂಡಬ್ಯಾಡ್ರಿ’ ಅಂದರಂತೆ. ಯಾಕೆ ಅಂತ ಕೇಳಿದರೆ ಕಾರಣವನ್ನೂ ಹೇಳಿದರಂತೆ. ಶಾಂತಕ್ಕ ಅತ್ತರಂತೆ. ಇಷ್ಟನ್ನೂ ನನ್ನ ಅತ್ತೆಯವರು ಗಿರಿಜಾಳಿಗೆ ಫೋನಿನಲ್ಲಿ ಹೇಳಿದರು. “ಈಗ ಗುಡಿ ಮುಂದ ಬಿಸಲಾಗ ನಿಂತು ಕಳಸ್ತಾಳವ್ವ. ನಮ್ಮ ಮನಿ ಕಡೆ ತಿರುಗಿ ಸೈತ ನೋಡೂದಿಲ್ಲ.”

ಒಂದು ವಾರ ಕಳೆಯಿತು. ಮುದ್ದೇಬಿಹಾಳದ ವೈಫೈ ಬಂದ್ ಆಗೇ ಇದೆ. ಆದರೂ ಅದೇ ನಂಬರು ಮತ್ತೆ ಬಂದು ಕುಬಸ ನೋಡಿ ಹೋಗಿದೆ!

ಪಟ್ಟಿ ತೆರೆದು ನೋಡಿದೆ. ಕೆಳಗೆ ಐದು ಸೊನ್ನೆ ನನ್ನನ್ನೇ ನೋಡುತ್ತಿದ್ದವು.

“ಏನ್ರಿ ಅದು?” ಗಿರಿಜಾ ಹಿಂದೆ ನಿಂತಿದ್ದಳು.

ಸುಳ್ಳು ಹೇಳಲು ಬಾಯಿ ಬರಲಿಲ್ಲ. “ಜಗತ್ತಿನ್ಯಾಗ ಯಾರಽ ಬರ್ಲಿ, ನಂಬಿಗಸ್ತರಂತ ಒಳಗ ಬಿಡು ಅಂತ ಅರ್ಥ. ನಾನಽ ಬರದೀನಿ.”

ಅವಳು ಕೂಗಾಡಿದ್ದರೆ ಚೆನ್ನಾಗಿತ್ತು. “ಹಂಗಾರ ಇಡೀ ಜಗತ್ತನ್ನ ನಂಬಿದ್ರಿ. ನಮ್ಮಪ್ಪನ್ನ ಒಬ್ಬನ್ನ ತಗದ್ರಿ,” ಅಂದು ಒಳಗೆ ಹೋದಳು.

ನಾಚಿಕೆ ಅನ್ನುವ ಪದ ನಾನು ಈ ಅಂಕಣದಲ್ಲಿ ಎಷ್ಟು ಸಲ ಬರೆದಿದ್ದೇನೋ. ರಾಜಕಾರಣಿಗಳಿಗೆ ನಾಚಿಕೆ ಇಲ್ಲ, ಅಧಿಕಾರಿಗಳಿಗೆ ನಾಚಿಕೆ ಇಲ್ಲ ಅಂತೆಲ್ಲ. ಅದು ಮೈಗೆ ತಗುಲಿದರೆ ಹೇಗಿರುತ್ತದೆ ಅಂತ ಅವತ್ತು ಗೊತ್ತಾಯಿತು.

ಸೊನ್ನೆ ಅಳಿಸಿದೆ. ಕುಬಸದ ವಿಡಿಯೋ ಸರ್ವರಿನಿಂದ ತೆಗೆದೆ. ಮಗಳಿಗೆ ಎಲ್ಲ ಹೇಳಿದೆ, ಚೆನ್ನಾಗಿ ಬೈಸಿಕೊಂಡೆ. ಬೈಯುವವರ ಮುಂದೆ ತಪ್ಪೊಪ್ಪುವುದು ಅಂಥ ಕಷ್ಟವೇನಲ್ಲ. ಬೈಯದವರ ಮುಂದೆ? ಮಾವನವರ ನಂಬರು ಒತ್ತುತ್ತೇನೆ, ರಿಂಗ್ ಆಗುವ ಮೊದಲೇ ಕಟ್ ಮಾಡುತ್ತೇನೆ. ಅವರು ‘ಇರಲಿ ಬಿಡ್ರಿ’ ಅಂದುಬಿಡುತ್ತಾರಲ್ಲ, ಅದನ್ನು ಕೇಳುವ ಧೈರ್ಯವಿಲ್ಲ. ಆಮೇಲೆ ಶಾಂತಕ್ಕನ ಬಾಗಿಲಿಗೆ ಬೇರೆ ಹೋಗಬೇಕು. ಅಳಿಯನ ಮರ್ಯಾದೆ ಕಳೆಯಬಾರದು ಅಂತ ಮಾವನವರು ನನಗಿಂತ ಮೊದಲು ತಾವೇ ಹೋಗಿ ಕೈ ಮುಗಿಯುತ್ತಾರೆ, ನನಗೆ ಗೊತ್ತು.

ಮಾವನವರು ಈ ಅಂಕಣವನ್ನು ಒಂದು ವಾರವೂ ಬಿಡದೆ ಓದುತ್ತಾರೆ. ಅದಕ್ಕೇ ಇಲ್ಲಿ ಬರೆದೆ. ಕಳಿಸುವ ಮುಂಚೆ ಗಿರಿಜಾಳಿಗೆ ತೋರಿಸಿದೆ. ಕೊನೆಯ ಸಾಲಿನವರೆಗೆ ಓದಿ, ಕನ್ನಡಕ ತೆಗೆದು, ಒಂದೇ ಮಾತು ಕೇಳಿದಳು.

“ಬಸ್ಸಿಗಿ ಹೋದ್ರ ಒಂದು ತಾಸಿನ ದಾರಿ. ಪೇಪರಿನ್ಯಾಗ ಓದಿ ತಿಳ್ಕೋಬೇಕೇನ್ರಿ ನಮ್ಮಪ್ಪ?”