ಮೇಲೇರಿದ ನೆಲುವು

ಐವತ್ತು ದಾಟಿದವರು ಮುಂದೆ ನೋಡಿಕೊಂಡು ನಡೆಯಬೇಕು ಎಂಬ ಉಪದೇಶವನ್ನು ಸುಧೀರ ಮಾಸ್ತರ ಹಿಂದೆ ಬರುತ್ತಿದ್ದ ತಾಯಿಯ ತಂಗಿಗೆ ತಿರುಗಿ ಹೇಳುತ್ತ ನಡೆದದ್ದೇ ತಪ್ಪಾಯಿತು. ಸದಲಗಾದ ಈ ಮಾವಶಿಯ ಅಡಿಗೆಮನೆಯಲ್ಲಿ ತೊಲೆಯಿಂದ ಇಳಿಬಿಟ್ಟ ಹಗ್ಗದ ನೆಲುವು ಇದೆ, ಅದರೊಳಗೆ ಮೊಸರಿನ ಗಡಿಗೆ ಇರುತ್ತದೆ, ಉದ್ದನೆಯವರು ಅಲ್ಲಿ ತಲೆ ಬಗ್ಗಿಸಬೇಕು. ಇದೆಲ್ಲ ಅವನಿಗೆ ಮೀಸೆ ಮೂಡಿದಾಗಿನಿಂದ ಗೊತ್ತು. ಗೊತ್ತಿದ್ದದ್ದು ತಲೆಯೊಳಗೇ ಉಳಿಯಿತು, ಗಡಿಗೆ ಹೊರಗಿನಿಂದ ಬಡಿಯಿತು. ಪುಣ್ಯಕ್ಕೆ ಎರಡರಲ್ಲಿ ಯಾವುದೂ ಒಡೆಯಲಿಲ್ಲ. ವಾಲಿದ ಗಡಿಗೆಯಿಂದ ಎಮ್ಮೆಯ ಗಟ್ಟಿ ಮೊಸರು ಮಾತ್ರ, ಕೂದಲಿನ ಅಡ್ಡಿಯೇ ಇಲ್ಲದ ನೆತ್ತಿಯ ಮೇಲಿಂದ ಕಿವಿಗೆ, ಕಿವಿಯಿಂದ ಇಸ್ತ್ರಿ ಮಾಡಿದ ಕೊರಳಪಟ್ಟಿಗೆ ಸಾವಕಾಶವಾಗಿ ಇಳಿಯಿತು.

ಮನೆಯ ಸೊಸೆ ಕೋಮಲ ಬಾಯಿಗೆ ಸೆರಗು ಒತ್ತಿಕೊಂಡಳು. “ಭಾವಾರ, ಹಂಗ ನಿಂದರ್ರಿ. ಸಕ್ರಿ ಕಲಸಿದ್ರ ಶ್ರೀಖಂಡ ಆಗತೈತಿ.”

ಮಾವಶಿ ಸಕ್ಕುಬಾಯಿ ನಗಲಿಲ್ಲ. ಯಾರಾದರೂ ಕಾಲು ಜಾರಿದರೆ ಮೂರು ಓಣಿಗೆ ಕೇಳುವಂತೆ ನಗುವ ಹೆಂಗಸು, ಇಂದು ಗೋಡೆಗೆ ಬೆನ್ನು ಹಚ್ಚಿ, ತೂಗಾಡುವ ನೆಲುವನ್ನೇ ನೋಡುತ್ತಿದ್ದಳು.

“ನಿನ್ನೂ ಬಿಡಲಿಲ್ಲ ನೋಡ ಆಕಿ,” ಅಂದಳು.

“ಯಾರ ಮಾವಶಿ?”

“ನಮ್ಮತ್ತಿ. ನೆಲುವ ಮ್ಯಾಲ ಮ್ಯಾಲ ಜಗ್ಗಾಕತ್ತಾಳ. ಮೊದಲ ಗಡಗಿ ಕಂಠಕ್ಕ ಕೈ ಹತ್ತತಿತ್ತು. ಈಗ ತಳಾನೂ ಸಿಗವಲ್ದು. ಕೋಮಲನ ಇಳಿಸಿ ಕೊಡಬೇಕು.”

ಅತ್ತೆ ಸತ್ತು ಇಪ್ಪತ್ತೆರಡು ವರ್ಷವಾಗಿತ್ತು.

ಸುಧೀರ ಚಿಕ್ಕೋಡಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವನು. ದೆವ್ವದ ವಿಷಯ ಬಂದರೂ ಅವನಿಗೆ ಅಳತೆಯ ಟೇಪು ಬೇಕು. ತಲೆ ತೊಳೆದುಕೊಂಡು ಬಂದವನೇ ಸ್ಟೂಲು ಹತ್ತಿ ತೊಲೆಯ ಗಂಟು ಪರೀಕ್ಷಿಸಿದ. ತೊಲೆಗೂ ಗಂಟಿಗೂ ಸೇರಿಸಿ ಎಂದೋ ಬಳಿದ ಹಸಿರು ಬಣ್ಣ ಎಲ್ಲಿಯೂ ಬಿರುಕು ಬಿಟ್ಟಿರಲಿಲ್ಲ.

“ಗಂಟ ಅಳಗಾಡಿಲ್ಲ ಮಾವಶಿ. ನೆಲುವ ಏರಿದ್ರ ನನಗ ಹ್ಯಾಂಗ ಬಡೀತಿತ್ತು? ನನ್ನ ತಲೀನ ಸಾಕ್ಷಿ.”

“ಆ ತಲಿ ಮ್ಯಾಲ ಒಂದ ಕೂದಲಾ ನಿಂದರಲಿಲ್ಲ. ಸಾಕ್ಷಿ ನಿಂತೀತು?”

ಕೋಮಲಳಿಗೆ ಮತ್ತೆ ಸೆರಗು ಬೇಕಾಯಿತು. ಆದರೆ ಸ್ಟೂಲಿನಿಂದ ಇಳಿದು ಮಾವಶಿಯ ಪಕ್ಕ ನಿಂತಾಗ ಸುಧೀರನ ನಗು ಅರ್ಧಕ್ಕೇ ನಿಂತಿತು. ಕೋಮಲಳ ಮದುವೆಯಲ್ಲಿ ತೆಗೆಸಿದ ಫೋಟೊದಲ್ಲಿ ಅವಳು ಅವನ ಭುಜಕ್ಕೆ ಬರುತ್ತಿದ್ದಳು. ಈಗ ಅವಳ ಬೈತಲೆ ಅವನ ಅಂಗಿಯ ಎರಡನೆಯ ಗುಂಡಿಯ ಸರಿಸಮಕ್ಕಿತ್ತು. ಉಟ್ಟ ಸೀರೆ ನೆಲ ಗುಡಿಸುತ್ತಿತ್ತು. ನೆಲುವು ಏರಿರಲಿಲ್ಲ. ಮಾವಶಿಯೇ ಇಳಿದಿದ್ದಳು.

ಮರುದಿನವೇ ಸಹೋದ್ಯೋಗಿಯ ಕಾರು ಕಡ ತಂದು ಅವಳನ್ನು ಚಿಕ್ಕೋಡಿಯ ಮನೀಷಾ ಡಾಕ್ಟರರಲ್ಲಿಗೆ ಕರೆದೊಯ್ದ. ಎಕ್ಸ್‌ರೇ ಫೋಟೊ ತೆಗೆದು ನೋಡಿದರೆ ಬೆನ್ನಿನ ಎರಡು ಮಣಿಗಳು, ಮೇಲೆ ಯಾರೋ ಕುಳಿತೆದ್ದ ರೊಟ್ಟಿಬುಟ್ಟಿಯ ಹಾಗೆ ಕುಸಿದಿದ್ದವು.

“ಮುಟ್ಟ ಯಾವಾಗ ನಿಂತತ್ರಿ?” ಡಾಕ್ಟರು ಕೇಳಿದರು.

ಸುಧೀರ ಗೋಡೆಯ ಕ್ಯಾಲೆಂಡರಿನಲ್ಲಿ ಏಕಾದಶಿ ಯಾವತ್ತಿದೆ ಎಂದು ಬಹಳ ಆಸ್ಥೆಯಿಂದ ಹುಡುಕತೊಡಗಿದ.

“ನಲವತ್ತೊಂದಕ್ಕರಿ. ನಮ್ಮತ್ತಿ ಸತ್ತ ವರ್ಷಾನ.”

“ಭಾಳ ಲಗೂ ನಿಂತೈತಿ. ಅದು ನಿಂತ ಮ್ಯಾಲ ಎಲಬು ಒಳಗಿಂದ ಹಗರ ಆಕ್ಕೋಂತ ಹೋಗತಾವ್ರಿ. ಹಾಲು ಕುಡೀತೀರಿ?”

“ಇಲ್ಲರಿ.”

“ಮೊಸರಾ, ಮಜ್ಜಿಗಿ?”

“ಇಲ್ಲರಿ.”

“ಮನ್ಯಾಗ ಹೈನ ಇಲ್ಲೇನು?”

“ನಾಕ ಎಮ್ಮಿ ಅದಾವರಿ.”

ಡಾಕ್ಟರು ಪೆನ್ನು ಕೆಳಗಿಟ್ಟು ಸುಧೀರನನ್ನು ನೋಡಿದರು. ನಾಲ್ಕೂ ಎಮ್ಮೆಯ ಹಾಲನ್ನು ತಾನೇ ಕುಡಿದವನಂತೆ ಅವನು ಹೊಟ್ಟೆ ಒಳಗೆಳೆದುಕೊಂಡ. ಗುಳಿಗೆ ಬರೆದರು. ದಿನಾ ಹಾಲು-ಮೊಸರು, ಎಳ್ಳಿನ ಚಟ್ನಿ, ನುಗ್ಗಿಸೊಪ್ಪು, ಕಾಳಿನ ಪಲ್ಲೆ, ಮುಂಜಾನೆಯ ಬಿಸಿಲಲ್ಲಿ ಒಂದಿಷ್ಟು ಅಡ್ಡಾಟ ಎಂದು ಹೇಳಿದರು. ಬರೇ ಗುಳಿಗೆಯಿಂದ ಆಗುವ ಕೆಲಸವಲ್ಲ, ಊಟವೂ ಬೇಕು ಎಂದು ಎರಡು ಸಲ ಹೇಳಿದರು. “ಇನ್ನ ಬೀಳಬ್ಯಾಡ್ರಿ. ಬಿದ್ರ ಸೊಂಟದ ಹತ್ತರ ತೊಡಿ ಎಲಬ ಮುರೀತೈತಿ.”

ಆ ಮಾತಿಗೆ ಮಾವಶಿ ಸುಧೀರನ ಮುಂಗೈಯನ್ನು ಗಟ್ಟಿಯಾಗಿ ಹಿಡಿದಳು. ಆ ಹಿಡಿತ ಅವನು ಕಾರು ಶುರು ಮಾಡುವ ತನಕ ಸಡಿಲಾಗಲಿಲ್ಲ.

ಮುಂದೆ ಕಬ್ಬು ಹೇರಿದ ಟ್ರ್ಯಾಕ್ಟರು ರಸ್ತೆಯೆಲ್ಲ ತನ್ನದೇ ಎಂಬಂತೆ ಹೋಗುತ್ತಿತ್ತು. ಅದರ ಹಿಂದೆ ತೆವಳುತ್ತಿದ್ದ ಕಾರಿನಲ್ಲಿ, ಯಾರೂ ಕೇಳದಿದ್ದರೂ ಸಕ್ಕುಬಾಯಿ ಹೇಳತೊಡಗಿದಳು.

ಕೃಷ್ಣಾ ದಂಡೆಯ ಸತ್ತಿ ಎಂಬ ಊರಿನಿಂದ ಮದುವೆಯಾಗಿ ಬಂದಾಗ ಅವಳಿಗೆ ಹದಿನಾರು. ಅತ್ತೆ ಗಂಡಸಿನಷ್ಟು ಎತ್ತರದವಳು. ಹೊಸ ಸೊಸೆಯನ್ನು ನೆಲುವಿನ ಕೆಳಗೆ ನಿಲ್ಲಿಸಿ, ಕೈ ಎತ್ತಿಸಿ, ಗಡಿಗೆಯ ಕಂಠ ಆ ಕೈಗಿಂತ ಒಂದು ಗೇಣು ಮೇಲೆ ನಿಲ್ಲುವಂತೆ ಗಂಟು ಹಾಕಿದಳು. ಬೆಕ್ಕಿಗೆ ಸಿಗಬಾರದು ಎಂದು ಊರಿಗೆಲ್ಲ ಹೇಳಿದಳು. ಹಾಲು ಡೇರಿಗೆ, ಮೊಸರು ಗಂಡಸರ ತಾಟಿಗೆ. ಹೆಂಗಸರ ಪಾಲಿಗೆ ಗಡಿಗೆ ತೊಳೆದ ನೀರು. ಬಸಿರು ಬಾಣಂತನದಲ್ಲೂ ಕೇಳಿದರೆ ಉತ್ತರ ಒಂದೇ: “ಗಂಡಸರ ಉಂಡ ಮ್ಯಾಲ ನೋಡೂಣು.” ಗಂಡಸರು ಉಂಡ ಮೇಲೆ ನೋಡಲು ಏನೂ ಇರುತ್ತಿರಲಿಲ್ಲ.

ಸೊಸೆ ಇನ್ನೂ ಬೆಳೆಯುವ ವಯಸ್ಸಿನವಳು, ಬೆಳೆದಳು. ತುದಿಗಾಲಿನಲ್ಲಿ ನಿಂತರೆ ಗಡಿಗೆಯ ಕಂಠ ಸಿಗುವಷ್ಟಾದಳು. ಅತ್ತ ಅತ್ತೆ ಬಗ್ಗತೊಡಗಿದಳು. ಬೆನ್ನು ಕುಡಗೋಲಾಯಿತು, ಕೈಗೆ ಬಡಿಗೆ ಬಂತು. ಬಗ್ಗಿದ ಮೇಲೆ ತಾನೇ ಕಟ್ಟಿದ ನೆಲುವು ತನಗೇ ಸಿಗದಾಯಿತು. ಒಂದು ಮಧ್ಯಾಹ್ನ ಅದರ ಕೆಳಗೆ ನಿಂತು, ಕೋಳಿಯಂತೆ ಕೊರಳೆತ್ತಿ, “ಸಕ್ಕೂ, ಒಂದ ವಾಟಿ ಮೊಸರ ಇಳಿಸಿ ಕೊಡ ಬೇ. ನಾಲಿಗಿ ಬೇಡಾಕತ್ತೈತಿ,” ಅಂದಳು.

“ನಾ ಹಿಟ್ಟ ಸಾಣಿಸಾಕತ್ತಿದ್ನಿ,” ಅಂದಳು ಸಕ್ಕುಬಾಯಿ. “ತಲಿ ಎತ್ತಲಿಲ್ಲ. ಗಂಡಸರ ಉಂಡ ಮ್ಯಾಲ ನೋಡೂಣು ಅಂದ್ನಿ. ಇಪ್ಪತ್ತೈದ ವರ್ಷ ಬಾಯಾಗ ಇಟಗೊಂಡ ಕುಂತಿದ್ದ ಮಾತ. ಉಗುಳಿದ್ನಿ.”

ಕಾರು ಟ್ರ್ಯಾಕ್ಟರನ್ನು ದಾಟಬಹುದಿತ್ತು. ಸುಧೀರ ದಾಟಲಿಲ್ಲ.

“ಆಕಿ ಕುಂದ್ರೂ ಮಣಿ ಹಾಕ್ಕೊಂಡ ಹತ್ತಿದ್ಲು. ಬಿದ್ಲು. ತೊಡಿ ಎಲಬ. ಆರ ತಿಂಗಳ ಹಾಸಿಗಿ ಮ್ಯಾಲ ಬಿದ್ಲು, ಹೋದ್ಲು. ಯಾರ ಮುಂದೂ ಹೇಳಲಿಲ್ಲ ಸುಧ್ಯಾ, ಆಕೀನೂ ಹೇಳಲಿಲ್ಲ. ನಾ ಪಂಢರಪುರಕ್ಕ ಹೋಗಿ ಆಣಿ ಮಾಡಿ ಬಂದ್ನಿ. ಆಕಿ ಉಣ್ಣೂತನಾ ನಾ ಹಾಲು-ಮೊಸರು ಮುಟ್ಟಂಗಿಲ್ಲ. ದಿನಾ ಆಕಿ ಹೆಸರಲೆ ಗಡಗಿ ತುಂಬಿ ಇಡತೀನಿ. ಮಧ್ಯಾನ್ನ ಬಡಿಗಿ ಸಪ್ಪಳ ಬರತೈತಿ, ಟಕ್, ಟಕ್, ನೆಲುವಿನ ತಳಕ್ಕ ಬಂದ ನಿಲ್ಲತೈತಿ. ಆಕಿ ಉಣ್ಣೂದಿಲ್ಲ. ಈಗ ನನ್ನ ಪಾಳಿ. ಹಂಗ ಬಗ್ಗಾಕತ್ತೀನಿ, ಹಂಗ ಬೀಳತೀನಿ. ಗುಳಿಗಿ ಏನ ಮಾಡತಾವ?”

ಪಂಢರಪುರದಲ್ಲಿ ಹಾಲು ಬಿಟ್ಟು ಬಂದ ಭಕ್ತೆ ಎಂದು ಊರೆಲ್ಲ ಕೈಮುಗಿಯುತ್ತಿತ್ತು. ಸುಧೀರನೇ ಇಬ್ಬರು ಮೂವರಿಗೆ ಹೆಮ್ಮೆಯಿಂದ ಹೇಳಿದ್ದ.

ಮನೆಗೆ ಬಂದು ಅವನು ಕ್ಯಾಲ್ಸಿಯಂ ಕುರಿತು ನಲವತ್ತು ನಿಮಿಷದ ಪೀರಿಯಡ್ಡು ತೆಗೆದುಕೊಂಡ. ಹಾಲಿನ ಬಟ್ಟಲು ಮುಂದಿಟ್ಟ. ಮಾವಶಿ ಕಾರಿನಲ್ಲಿ ಹೇಳಿದ್ದನ್ನೆಲ್ಲ ಮತ್ತೊಮ್ಮೆ ಹೇಳಿ ಅದನ್ನು ಬೆಕ್ಕಿನ ಕಡೆ ಸರಿಸಿದಳು. ಬೆಕ್ಕಿನ ಎಲುಬುಗಳು ಆ ಮನೆಯಲ್ಲಿ ಎಲ್ಲರಿಗಿಂತ ಗಟ್ಟಿಯಾಗಿದ್ದವು. ಆಗ ಹೊರಗೆ ಬಿಸಿಲು ಕಾದಿತ್ತು. ಅಡಿಗೆಮನೆಯಿಂದ ಟಕ್ ಎಂದಿತು. ಸ್ವಲ್ಪ ತಡೆದು ಇನ್ನೊಂದು ಸಲ. ನೆಲುವಿನ ಹಗ್ಗ ತೊಲೆಗೆ ತಿಕ್ಕುವ ಸದ್ದು ಎಂದು ಸುಧೀರ ತನಗೆ ತಾನೇ ಹೇಳಿಕೊಂಡ. ಎದ್ದು ಹೋಗಿ ನೋಡಲು ಮಾತ್ರ ಅವನ ವಿಜ್ಞಾನ ಒಪ್ಪಲಿಲ್ಲ.

ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದ ಕೋಮಲ ರೊಟ್ಟಿಹಿಟ್ಟಿನ ಕೈಯಲ್ಲೇ ಒಳಗೆ ಬಂದಳು.

“ಅತ್ತ್ಯಾರ, ಒಂದ ಮಾತ ಕೇಳ್ಲಿ? ನಿಮ್ಮತ್ತಿ ದೊಡ್ಡಾಯಿ ಸಾಯೂಮುಂದ ನೆಟ್ಟಗಿದ್ರೋ ಬಗ್ಗಿದ್ರೋ?”

“ಬಗ್ಗಿದ್ಲು. ಹೆಣಾ ಸುದ್ದಾ ನೆಟ್ಟಗ ಮಲಗಲಿಲ್ಲ.”

“ಮತ್ತ ಇಪ್ಪತ್ತೆರಡ ವರ್ಷದಿಂದ ಗಡಗಿ ಮ್ಯಾಲ ತೂಗ ಹಾಕೇರಿ. ಬಗ್ಗಿದಾಕಿಗೆ ಅದು ಹ್ಯಾಂಗ ಸಿಗಬೇಕ್ರಿ? ದಿನಾ ಬಂದ, ಮ್ಯಾಲ ನೋಡಿ, ಹಂಗ ಹೋಗತಾರ ಪಾಪ.”

ಸಕ್ಕುಬಾಯಿ ಗೋಡೆ ಹಿಡಿದು ಎದ್ದು ಅಡಿಗೆಮನೆಗೆ ನಡೆದಳು. “ಇಳಸ್ರಿ,” ಅಂದಳು.

ಸುಧೀರ ಉತ್ಸಾಹದಿಂದ ಸ್ಟೂಲು ಹತ್ತಿದ. “ನೀವ ಇಳೀರಿ ಭಾವಾರ,” ಎಂದಳು ಕೋಮಲ, “ಒಂದ ಮನ್ಯಾಗ ಎಷ್ಟ ಮಂದಿ ಎಲಬ ಮುರಸ್ಕೋಬೇಕು?” ಬಣ್ಣ ಕುಡಿದ ಗಂಟು ಬಿಚ್ಚಲಿಲ್ಲ. ಕುಡಗೋಲಿನಿಂದ ಕೊಯ್ದು, ಎಮ್ಮೆ ಕಟ್ಟುವ ಹೊಸ ಹಗ್ಗ ಜೋಡಿಸಿ, ಮಾವಶಿಯ ಎದೆಯ ಮಟ್ಟಕ್ಕೆ ಇಳಿಬಿಟ್ಟಳು. ಬೆಕ್ಕಿನ ಸಲುವಾಗಿ ಗಡಿಗೆಯ ಮೇಲೆ ತಾಟು ಮುಚ್ಚಿ ಕಲ್ಲು ಹೇರಿದಳು.

ಸಕ್ಕುಬಾಯಿ ಒಂದು ವಾಟಿ ಮೊಸರು ತೆಗೆದು ಕೆಳಗೆ ಮಣೆಯ ಮೇಲಿಟ್ಟಳು. “ಅತ್ತೀ, ಗಂಡಸರ ಇನ್ನಾ ಉಂಡಿಲ್ಲ. ನೀ ಉಣ್ಣ,” ಅಂದಳು. ಮೂವರೂ ಮಣೆಯ ಸುತ್ತ ಕುಳಿತರು. ಟಕ್ ಎಂದಿತು, ಬಹಳ ಹತ್ತಿರದಲ್ಲಿ. ಹೊಸ ಗಂಟು ಬಿಗಿದುಕೊಂಡಿರಬೇಕು. ಸುಧೀರನ ತೋಳಿನ ಕೂದಲು ಎದ್ದು ನಿಂತವು. ಎದ್ದು ನಿಲ್ಲಲು ಅವನಲ್ಲಿ ಕೂದಲಿದ್ದದ್ದು ಅಲ್ಲಷ್ಟೇ. ಮಾವಶಿ ಎರಡನೆಯ ವಾಟಿ ತುಂಬಿಕೊಂಡಳು. ಅರ್ಧ ಸೀರೆಯ ಮೇಲೆ ಬಿತ್ತು. ಉಳಿದರ್ಧವನ್ನು ಕಣ್ಣು ಮುಚ್ಚಿ ಉಂಡಳು.

ತಿಂಗಳು ಬಿಟ್ಟು ಸುಧೀರ ಮತ್ತೆ ಬಂದಾಗ, ಅಡಿಗೆಮನೆಯಲ್ಲಿ ಏನೂ ಇಲ್ಲದ ಗಾಳಿಗೆ ಭಕ್ತಿಯಿಂದ ತಲೆ ಬಗ್ಗಿಸಿ ಒಳಹೊಕ್ಕ. ಮಾವಶಿ ಹಿತ್ತಿಲ ಬಿಸಿಲಿನಲ್ಲಿ ನುಗ್ಗಿಸೊಪ್ಪು ಬಿಡಿಸುತ್ತಿದ್ದಳು. ಬೆನ್ನು ನೆಟ್ಟಗಾಗಿರಲಿಲ್ಲ, ಕುಸಿದದ್ದು ಮತ್ತೆ ಏಳುವುದಿಲ್ಲ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಆದರೆ ಪಕ್ಕದಲ್ಲಿ ಬರಿದಾದ ಎರಡು ವಾಟಿಗಳಿದ್ದವು, ಮೇಲ್ದುಟಿಯ ಮೇಲೆ ಬಿಳಿಯ ಗೆರೆಯಿತ್ತು. ಸುಧೀರ ಕಿವಿಗೊಟ್ಟು ಕುಳಿತ. ಮಧ್ಯಾಹ್ನ ಕಳೆಯಿತು. ಸಪ್ಪಳವಿಲ್ಲ.

“ಮಾವಶಿ,” ಎಂದು ಮೆಲ್ಲಗೆ ಕೇಳಿದ, “ನಿಮ್ಮತ್ತಿ ಈಗ ಬರೂದಿಲ್ಲೇನು?”

ಸಕ್ಕುಬಾಯಿ ಸೊಪ್ಪಿನಿಂದ ತಲೆ ಎತ್ತಲಿಲ್ಲ.

“ದಿನಾ ಬರತಾಳ. ಈಗ ಬಡಿಗಿ ತರೂದಿಲ್ಲ.”