ಪಿಂಚಣಿ ಇಲ್ಲದ ಗಂಡು

ಹಳೇ ಪಿಂಚಣಿ, ನಗದುರಹಿತ ಚಿಕಿತ್ಸೆ ಕೇಳುವ ಶಿಕ್ಷಕರ ಧರಣಿಗೆಂದು ಗುಂಡ್ಲುಪೇಟೆಯಿಂದ ಚಾಮರಾಜನಗರದ ಬಸ್ಸು ಹತ್ತಿದ್ದೆ. ನನ್ನ ತೋಳಿನ ಕಪ್ಪುಪಟ್ಟಿ ನೋಡಿ ಪಕ್ಕದಲ್ಲಿದ್ದ ಹಿರಿಯರೊಬ್ಬರು ವಿಚಾರಿಸಿದರು. ಹೇಳಿದೆ.

"ವರ್ಸದಲ್ಲಿ ಅರ್ಧ ರಜ ತಕತೀರಿ. ಮನೇಲಿ ಕೂತ್ಮೇಲೂ ಸಂಬ್ಳ ಬೇಕಾ ಮೇಷ್ಟ್ರೇ? ಈರುಳ್ಳಿ ಬೆಳ್ಯೋ ನಾವು ಯಾರ್ನ ಕೇಳನ?" ಎಂದರು. ಅಕ್ಕಪಕ್ಕದ ಸೀಟಿನವರೆಲ್ಲ ಅವರ ಕಡೆಯೇ ಆದರು.

ಮಾತು ಬದಲಿಸಲು ಕೇಳಿದೆ, "ತಾವೆಲ್ಲಿಗೆ?"

"ಮಗ್ಳಿಗೆ ಗಂಡು ನೋಡಕೆ ಉಮ್ಮತ್ತೂರಿಗೆ. ಹೈದ ನಿಮ್ಮಂಗೇ ಮೇಷ್ಟ್ರು, ಈಗಷ್ಟೇ ಕೆಲ್ಸಕ್ಕೆ ಸೇರವ್ನೆ. ಸಾಯೋಗಂಟ ಪಿಂಚಣಿ ಬತ್ತದಲ್ಲ, ಒಪ್ಕಬುಟ್ಟೆ."

"ಈಗ ಸೇರಿದವರಿಗೆ ಆ ಪಿಂಚಣಿ ಇಲ್ಲ. ನಾವು ಕೇಳ್ತಿರೋದೇ ಅದನ್ನ."

ಅವರ ಮುಖ ಸಪ್ಪಗಾಯಿತು. "ಆಸ್ಪತ್ರೆ ಖರ್ಚು?"

"ಮೊದಲು ನಾವೇ ಕಟ್ಟಬೇಕು. ಆಮೇಲೆ ಬಿಲ್ಲು ಹಿಡಿದು ಅಲೀಬೇಕು."

"ಇದು ಅನ್ಯಾಯ ಕಣ್ರೀ!" ಎಂದು ಬಸ್ಸಿಗೆಲ್ಲ ಕೇಳುವಂತೆ ಕೂಗಿದರು.

ಚಾಮರಾಜನಗರದಲ್ಲಿ ಇಳಿದವರು ಉಮ್ಮತ್ತೂರಿನ ಬಸ್ಸು ಬಿಟ್ಟು ನನ್ನ ಜೊತೆಯೇ ಧರಣಿಗೆ ಬಂದರು. ಅವರು ಘೋಷಣೆ ಕೂಗಿದ ರಭಸಕ್ಕೆ ನಮ್ಮ ಸಂಘದವರು ನಿವೃತ್ತ ಹೆಡ್‌ಮಾಸ್ತರೆಂದು ತಿಳಿದು ಹಾರ ಹಾಕಿದರು.

ಪಿಂಚಣಿಗೆ ಸರ್ಕಾರ ಇನ್ನೂ ಒಪ್ಪಿಲ್ಲ. ಪಿಂಚಣಿ ಇಲ್ಲದ ಗಂಡನ್ನು ಆ ಹಿರಿಯರೂ ಒಪ್ಪಲಿಲ್ಲ. ಉಮ್ಮತ್ತೂರಿನ ಆ ಹುಡುಗನಿಗೆ ಮಾತ್ರ ನನ್ನ ಹೆಸರು ಗೊತ್ತಾಗದಿದ್ದರೆ ಸಾಕು.